ರಾತ್ರಿ ಬ್ಯಾಟರಿ ಕುಡಿಯುವವರು ಯಾರು? ಹಳೆ ಕಾರಿನ ಕರೆಂಟಿನ ಕತೆ

ಮುಂಬಯಿಯ ಯಾವುದೇ ಹೌಸಿಂಗ್ ಸೊಸೈಟಿಯ ಕಂಪೌಂಡಿನಲ್ಲಿ ಜುಲೈ ತಿಂಗಳ ಬೆಳಿಗ್ಗೆ ಏಳೂವರೆಗೆ ನಿಂತು ಕಿವಿಗೊಟ್ಟು ನೋಡಿ. ಕುಂಯ್... ಕುಂಯ್... ಟಕ್. ಆಮೇಲೆ ಮೌನ. ಆಮೇಲೆ ಬಾನೆಟ್ ಎತ್ತುವ ಸದ್ದು. ಸುತ್ತ ವಾಚ್‌ಮನ್, ಪೇಪರಿನವನು, ಮೂರನೇ ಮಾಳಿಗೆಯ ರಿಟೈರ್ಡ್ ಸಾಹೇಬರು ಸೇರುತ್ತಾರೆ. ಹತ್ತು ನಿಮಿಷದ ಚರ್ಚೆಯ ನಂತರ ತೀರ್ಪು ಒಂದೇ: "ಬ್ಯಾಟರಿ ಗಯಾ ಸಾಬ್, ನಯೀ ಡಾಲ್ ದೋ."

ಹೊಸ ಬ್ಯಾಟರಿ ಬರುತ್ತದೆ, ಕೆಲವು ಸಾವಿರ ರೂಪಾಯಿ ಹೋಗುತ್ತದೆ, ಮೂರು ವಾರ ಎಲ್ಲ ಸುಖ. ನಾಲ್ಕನೇ ವಾರ ಮತ್ತೆ ಅದೇ ಕುಂಯ್. ಈಗ ಬೈಗುಳ ಬ್ಯಾಟರಿ ಮಾರಿದವನಿಗೆ. ಆದರೆ ಹೆಚ್ಚಿನ ಸಲ ಕಾಯಿಲೆ ಬ್ಯಾಟರಿಯದ್ದೇ ಅಲ್ಲ. ಅದರಿಂದ ಕದ್ದು ಕುಡಿಯುವ ಯಾವುದೋ ಒಂದು ವಸ್ತು, ಅಥವಾ ಅದನ್ನು ಸರಿಯಾಗಿ ತುಂಬಿಸದ ಇನ್ನೊಂದು ವಸ್ತು ಒಳಗೆ ಎಲ್ಲೋ ಕೂತಿರುತ್ತದೆ. ಅದನ್ನು ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಕಾರು ಹುಟ್ಟಿದ್ದು ಯಾವ ಕಾಲದಲ್ಲಿ?

ಯಾಕೆಂದರೆ ನೋಡಿ, ಮನುಷ್ಯರ ಹಾಗೆ ಕಾರುಗಳಿಗೂ ಒಂದೊಂದು ತಲೆಮಾರಿಗೆ ಒಂದೊಂದು ಕಾಯಿಲೆ. 1965ರ ಕಾರು ಬ್ಯಾಟರಿ ಖಾಲಿ ಮಾಡುವ ರೀತಿ ಬೇರೆ, 1990ರದ್ದು ಬೇರೆ, 2010ರದ್ದು ಬೇರೆಯೇ. ಹಾಗಾಗಿ ಇವತ್ತು ಬ್ಯಾಟರಿಯ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಕಾರು ಇಲ್ಲದವರೂ ಓದಬಹುದು, ಮುಂಬಯಿಯ ಟ್ಯಾಕ್ಸಿಯಲ್ಲಿ ಕೂತವರಿಗೆಲ್ಲ ಇದರಲ್ಲಿ ಪಾಲಿದೆ.

ಬ್ಯಾಟರಿಯೇ ಇಲ್ಲದ ಕಾಲ

ಮೊದಮೊದಲ ಎಷ್ಟೋ ಕಾರುಗಳಲ್ಲಿ ಖಾಲಿಯಾಗಲು ಬ್ಯಾಟರಿಯೇ ಇರಲಿಲ್ಲ. ಇಂಜಿನ್ನಿನ ಕಿಡಿಗೆ ಮ್ಯಾಗ್ನೆಟೊ ಇತ್ತು. ಅದು ಇಂಜಿನ್ನಿನ ಜೊತೆ ತಿರುಗಿ ಕಾಂತದ ಬಲದಿಂದ ತಾನೇ ಕಿಡಿ ಹುಟ್ಟಿಸುವ ಯಂತ್ರ. ದೀಪಕ್ಕೆ ಕಾರ್ಬೈಡ್. ಕಲ್ಲಿನಂಥ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲಿನ್ ಗ್ಯಾಸ್ ಬರುತ್ತದೆ, ಅದನ್ನು ಕಡ್ಡಿ ಗೀರಿ ಹಚ್ಚಬೇಕು. ನಮ್ಮೂರ ಕಡೆ ಯಕ್ಷಗಾನದ ರಂಗಸ್ಥಳಕ್ಕೆ ತೂಗುಹಾಕುತ್ತಿದ್ದ ಗ್ಯಾಸ್‌ಲೈಟು ಬೇರೆ, ಅದು ಸೀಮೆಎಣ್ಣೆಯದ್ದು. ಆದರೆ ಹಚ್ಚುವ ತಾಪತ್ರಯ ಹೆಚ್ಚುಕಡಿಮೆ ಒಂದೇ.

ಇಂಜಿನ್ ಶುರು ಮಾಡಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಕಿಡಿ ಸ್ವಲ್ಪ ಬೇಗ ಬಿತ್ತೋ, ಇಂಜಿನ್ ತಿರುಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿಯುವುದು, ಮೊಣಕೈ ಉಳುಕುವುದು ಆಗ ಮಾಮೂಲು. ಕಾರು ಓಡಿಸಲು ಮೊದಲು ತೋಳಿನಲ್ಲಿ ಶಕ್ತಿ ಬೇಕಿತ್ತು, ಆದ್ದರಿಂದ ಹೆಂಗಸರಿಗೆ, ವಯಸ್ಸಾದವರಿಗೆ ಡ್ರೈವರ್ ಇಲ್ಲದೆ ಕಾರಿಲ್ಲ.

ಬ್ಯಾಟರಿ ಅನ್ನುವ ವಸ್ತು ಮಾತ್ರ ಕಾರಿಗಿಂತ ಹಳೆಯದು. ಸೀಸ ಮತ್ತು ಗಂಧಕಾಮ್ಲದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ತೋ ಪ್ಲಾಂತೆ ಮಾಡಿ ತೋರಿಸಿದ್ದು 1859ರಲ್ಲಿ. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡಿನ ಲೇಪವನ್ನು ಫಲಕಗಳಿಗೆ ಮೆತ್ತುವ ಕ್ರಮ ತಂದ ಮೇಲೆ ಅದನ್ನು ಕಾರ್ಖಾನೆಯಲ್ಲಿ ಮಾಡುವುದು ಸುಲಭವಾಯಿತು. ಇವತ್ತು ನಿಮ್ಮ ಪೆಟ್ರೋಲ್ ಕಾರಿನ ಬಾನೆಟ್ಟಿನ ಅಡಿ ಕೂತಿರುವುದು ಬಹುಮಟ್ಟಿಗೆ ಅದರ ಮೊಮ್ಮಗನೇ! ನೂರಅರವತ್ತು ವರ್ಷ ದಾಟಿದರೂ ಒಳಗಿನ ರಸಾಯನ ಅದೇ.

ಎರಡನ್ನೂ ಗಂಟು ಹಾಕಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಆತ ಮೊದಲು ಕೆಲಸ ಮಾಡುತ್ತಿದ್ದದ್ದು ಅಂಗಡಿಗಳ ಕ್ಯಾಶ್ ರಿಜಿಸ್ಟರ್ ಮಾಡುವ ಕಂಪನಿಯಲ್ಲಿ. ಅಲ್ಲಿ ಕ್ಯಾಶ್ ಡ್ರಾಯರ್ ತೆರೆಯಲು ಒಂದು ಪುಟ್ಟ ಮೋಟಾರ್ ಮಾಡಿದ್ದ. ಅದರಿಂದ ಆತ ಕಲಿತ ಪಾಠ ಏನೆಂದರೆ, ಕೆಲವೇ ಕ್ಷಣ ದುಡಿಯುವ ಮೋಟಾರಿಗೆ ಅದರ ಶಕ್ತಿ ಮೀರಿ ಕರೆಂಟು ಕೊಡಬಹುದು, ಬಿಸಿಯಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಇದೇ ಪಾಠವನ್ನು ಆತ ಇಂಜಿನ್ನಿಗೆ ಹಾಕಿದ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. ಇವತ್ತಿಗೂ ನಮ್ಮ ಗ್ಯಾರೇಜಿನ ಹುಡುಗರು "ಸೆಲ್ಫ್ ಮಾರ್ ಕೇ ದೇಖೋ" ಅನ್ನುತ್ತಾರಲ್ಲ, ಆ ಪದಕ್ಕೆ ಶತಮಾನ ದಾಟಿದ ವಯಸ್ಸು.

ಹ್ಯಾಂಡಲ್ ಹೋಯಿತು, ಸಂಸಾರ ಬಂತು. ಸೆಲ್ಫಿಗೆ ಬ್ಯಾಟರಿ ಬೇಕು, ಬ್ಯಾಟರಿ ತುಂಬಿಸಲು ಡೈನಮೊ ಬೇಕು, ಡೈನಮೊವನ್ನು ಹದ್ದುಬಸ್ತಿನಲ್ಲಿಡಲು ರೆಗ್ಯುಲೇಟರ್ ಬೇಕು. ಕರೆಂಟು ಹೇಗೂ ಇದೆಯಲ್ಲ ಅಂತ ದೀಪ, ಹಾರ್ನು, ವೈಪರ್, ಮುಂದೆ ರೇಡಿಯೊ ಎಲ್ಲ ಒಂದೊಂದಾಗಿ ಅದಕ್ಕೇ ಅಂಟಿಕೊಂಡವು. ಮನೆಯ ಒಬ್ಬ ದುಡಿಯುವವನ ಮೇಲೆ ಹತ್ತು ಜನ ಕೂತ ಹಾಗೆ. ಬೆಳಿಗ್ಗೆ ಕಾರು ಎದ್ದೇಳದ ಕಾಯಿಲೆ ಹುಟ್ಟಿದ್ದು ಸರಿಯಾಗಿ ಇಲ್ಲಿಂದ.

ಡೈನಮೊ ಕಾಲದ ಕಾಯಿಲೆ

ಡೈನಮೊಗೆ ಒಂದು ದೊಡ್ಡ ಕೊರತೆ ಇತ್ತು. ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ ಅದು ಸರಿಯಾಗಿ ಕರೆಂಟು ಕೊಡುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತು ಇಂಜಿನ್ ಗುರುಗುಟ್ಟುತ್ತಿದ್ದರೆ ಡೈನಮೊದಿಂದ ಬರುವುದು ಸೊನ್ನೆಗೆ ಸಮ. ಈಗ ದಾದರ್‌ನಿಂದ ಮಾಹಿಮ್‌ವರೆಗೆ ಮಳೆಗಾಲದ ಸಂಜೆಯ ಟ್ರಾಫಿಕ್ ನೆನಪಿಸಿಕೊಳ್ಳಿ. ಎರಡು ಹೆಡ್‌ಲೈಟಿಗೆ 80-90 ವ್ಯಾಟ್ ಅಂದರೆ ಏಳು ಆಂಪಿಯರ್ ಆಸುಪಾಸು. ಅದರ ಮೇಲೆ ವೈಪರ್, ಹಿಂದಿನ ದೀಪ, ಬ್ರೇಕ್ ದೀಪ. ಎಲ್ಲ ಖರ್ಚು ಬ್ಯಾಟರಿಯ ಗಂಟಿನಿಂದಲೇ, ಆದಾಯ ಇಲ್ಲ. ಎರಡು ಗಂಟೆ ಹೀಗೆ ತೆವಳಿದರೆ ಮನೆ ಮುಟ್ಟುವಾಗ ಬ್ಯಾಟರಿ ಅರ್ಧಕ್ಕೆ ಇಳಿದಿರುತ್ತಿತ್ತು. ಕಾರಿನಲ್ಲಿ ಯಾವ ದೋಷವೂ ಇಲ್ಲದೆಯೇ!

ಎರಡನೆಯದು ಕಟ್‌ಔಟ್. ಡೈನಮೊ ನಿಂತಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ಡೈನಮೊವನ್ನೇ ಮೋಟಾರಿನ ಹಾಗೆ ತಿರುಗಿಸಲು ಹೋಗುತ್ತದೆ. ಅದನ್ನು ತಡೆಯಲು ರೆಗ್ಯುಲೇಟರ್ ಡಬ್ಬಿಯಲ್ಲಿ ಒಂದು ಪುಟ್ಟ ಬಾಗಿಲು, ಅಂದರೆ ಒಂದು ರಿಲೇ. ಚಾರ್ಜ್ ಬರುವಾಗ ಅಂಟಿಕೊಳ್ಳಬೇಕು, ನಿಂತಾಗ ಬಿಡಬೇಕು. ಅದರ ಪಾಯಿಂಟುಗಳು ಸುಟ್ಟು ಅಂಟಿಕೊಂಡು ಬಿಡದೇ ಹೋದರೆ ಮುಗಿಯಿತು, ಒಂದೇ ರಾತ್ರಿ ಸಾಕು. ಬ್ಯಾಟರಿ ಖಾಲಿ, ಡೈನಮೊ ಸುಟ್ಟ ವಾಸನೆ ಬೇರೆ. ಹಳೆಯ ಟ್ಯಾಕ್ಸಿಯವರು ಗಾಡಿ ನಿಲ್ಲಿಸಿ ಇಳಿದ ಮೇಲೆ ಆ ಡಬ್ಬಿ ಬಿಸಿಯಾಗಿದೆಯೋ ಅಂತ ಕೈಯಿಟ್ಟು ನೋಡುತ್ತಿದ್ದದ್ದಕ್ಕೆ ಇದೇ ಕಾರಣ.

ಮೂರನೆಯದು ಕಿಡಿಯ ಕಾಯಿಲ್. ಮ್ಯಾಗ್ನೆಟೊ ಹೋಗಿ ಬ್ಯಾಟರಿ-ಕಾಯಿಲ್ ಪದ್ಧತಿ ಬಂದ ಮೇಲೆ ಕಿಡಿಯೂ ಬ್ಯಾಟರಿಯ ಹಂಗಿಗೆ ಬಿತ್ತು. ಇಂಜಿನ್ ನಿಂತಿದ್ದು ಚಾವಿ ಮಾತ್ರ ಆನ್ ಆಗಿ ಉಳಿದರೆ, ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ದರೆ, ಕಾಯಿಲ್ ಮೂರು ನಾಲ್ಕು ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಮ್ಯಾಟಿನಿ ನೋಡಿ ಬರುವಷ್ಟರಲ್ಲಿ ಬ್ಯಾಟರಿಯೂ ಇಳಿದು ಕಾಯಿಲೂ ಕಾದು ಕೂತಿರುತ್ತಿತ್ತು. ಬ್ಯಾಟರಿ ಇಳಿದರೆ ಸೆಲ್ಫ್ ತಿರುಗುವಾಗ ಕಾಯಿಲಿಗೆ ಸಿಗುವ ಕರೆಂಟೂ ಕಡಿಮೆ. ಆಗ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಮೈಕೊದ ಪ್ಲಗ್ಗಿದ್ದರೂ ಏನು ಮಾಡೀತು ಪಾಪ, ಕಿಡಿ ನೀಲಿಯ ಬದಲು ಸಪ್ಪೆ ಹಳದಿ. ಬ್ಯಾಟರಿ ಇಳಿದದ್ದಕ್ಕೆ ಪ್ಲಗ್ಗು ಬದಲಿಸಿ ದುಡ್ಡು ಕಳೆದವರು ಎಷ್ಟೋ ಜನ.

ಪ್ಲಸ್ಸೋ ಮೈನಸ್ಸೋ

ಇನ್ನೊಂದು ವಿಚಿತ್ರ ಆ ಕಾಲದ್ದು. ಕಾರಿನಲ್ಲಿ ಪ್ರತಿ ದೀಪಕ್ಕೂ ಎರಡು ವಯರ್ ಎಳೆಯುವುದಿಲ್ಲ. ಹೋಗುವ ದಾರಿಗೆ ವಯರ್, ಮರಳುವ ದಾರಿಗೆ ಕಾರಿನ ಕಬ್ಬಿಣದ ಮೈಯೇ. ಇದನ್ನೇ ಅರ್ಥಿಂಗ್ ಅನ್ನುವುದು. ಇವತ್ತು ಬ್ಯಾಟರಿಯ ಮೈನಸ್ ಮೈಗೆ ಕೂತಿರುತ್ತದೆ. ಆದರೆ 1960ರ ದಶಕದ ನಡುವಿನವರೆಗೂ ಹೆಚ್ಚಿನ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ಮೈಗೆ, ಮೈನಸ್ ವಯರಿಗೆ. ಹೀಗಿದ್ದರೆ ತುಕ್ಕು ಕಡಿಮೆ, ಪ್ಲಗ್ಗಿಗೂ ಒಳ್ಳೆಯದು ಅನ್ನುವ ನಂಬಿಕೆ ಇತ್ತು. ಟ್ರಾನ್ಸಿಸ್ಟರ್, ಡಯೋಡ್ ಎಲ್ಲ ಕಾರಿಗೆ ಬಂದ ಮೇಲೆ ಎಲ್ಲರೂ ಮೈನಸ್ಸಿಗೇ ಒಗ್ಗಿದರು. ಹಾಗಾಗಿ ಚೋರ್ ಬಜಾರಿನಲ್ಲೋ ಕುರ್ಲಾದಲ್ಲೋ ಬಿಡಿಭಾಗ ಆರಿಸಿ ಹಳೆ ಬ್ರಿಟಿಷ್ ಕಾರು ಎಬ್ಬಿಸಲು ಹೊರಟವರಿಗೆ ಇವತ್ತಿಗೂ ಇದು ಹಳ್ಳ. ಪಕ್ಕದ ಹೊಸ ಕಾರಿನಿಂದ ಕಣ್ಣು ಮುಚ್ಚಿ ಜಂಪ್ ಕೇಬಲ್ ಹಾಕಿ ಎರಡೂ ಕಾರಿನ ಮೈಗೆ ಮೈ ತಾಗಿತೋ, ಕಿಡಿಯ ಜಾತ್ರೆ.

ವೋಲ್ಟೇಜಿನದ್ದೂ ಹೀಗೆಯೇ. ಮೊದಲು ಬಹಳಷ್ಟು ಕಾರುಗಳದ್ದು 6 ವೋಲ್ಟ್. ಅಮೆರಿಕದಲ್ಲಿ ದೊಡ್ಡ ಇಂಜಿನ್ನುಗಳನ್ನು ತಿರುಗಿಸಲು ಅದು ಸಾಲದೆ 1950ರ ದಶಕದಲ್ಲಿ 12 ವೋಲ್ಟಿಗೆ ಬಂದರು. ಒಂದೇ ಕೆಲಸಕ್ಕೆ ವೋಲ್ಟ್ ಎರಡರಷ್ಟಾದರೆ ಆಂಪಿಯರ್ ಅರ್ಧ ಸಾಕು, ವಯರೂ ತೆಳ್ಳಗಿದ್ದರೆ ನಡೆಯುತ್ತದೆ.

ಬ್ರಿಟಿಷ್ ಕಾರುಗಳ ಕರೆಂಟಿನ ಸಾಮಾನು ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯದ್ದು. ಅದರ ಮೂಲ ಪುರುಷ ಜೋಸೆಫ್ ಲ್ಯೂಕಾಸ್ ಶುರು ಮಾಡಿದ್ದು ಸೀಮೆಎಣ್ಣೆ ಮತ್ತು ದೀಪಗಳ ವ್ಯಾಪಾರದಿಂದ. ಅವನಿಗೆ ಕಾರಿನವರು ಇಟ್ಟ ಅಡ್ಡಹೆಸರು 'ಕತ್ತಲೆಯ ರಾಜಕುಮಾರ'! ಇಂಗ್ಲಿಷರು ಬಿಯರನ್ನು ಬೆಚ್ಚಗೆ ಕುಡಿಯುವುದು ಯಾಕೆ? ಅವರ ಫ್ರಿಜ್ಜೂ ಲ್ಯೂಕಾಸ್ ಮಾಡಿದ್ದು, ಅದಕ್ಕೆ... ಅಂತ ಒಂದು ಹಳೆ ಜೋಕಿದೆ. ಜೋಕು ಜೋಕೇ, ಆ ಕಾಲದ ಒದ್ದೆ ಹವೆಯಲ್ಲಿ ತುಕ್ಕು ಹಿಡಿದ ಅರ್ಥಿಂಗಿನ ತಪ್ಪೂ ಎಷ್ಟೋ ಸಲ ಕಂಪನಿಯ ತಲೆಗೆ ಬಿದ್ದಿದೆ. ಇದೇ ಲ್ಯೂಕಾಸ್ ಮತ್ತು ಟಿ.ವಿ.ಎಸ್. ಕೂಡಿ 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್-ಟಿ.ವಿ.ಎಸ್. ಶುರು ಮಾಡಿದರು. ಸ್ಟಾರ್ಟರ್, ಡೈನಮೊ ಎಲ್ಲ ಭಾರತದಲ್ಲೇ ತಯಾರಾಗತೊಡಗಿದವು.

ಕುರ್ಲಾದ ಕಾರು, ಬೊಂಬಾಯಿಯ ಟ್ಯಾಕ್ಸಿ

ಈಗ ನಮ್ಮ ಊರಿಗೆ ಬರೋಣ. (ಮೂವತ್ತು ವರ್ಷ ಇದ್ದ ಮೇಲೆ ಮುಂಬಯಿಯನ್ನು ನಮ್ಮ ಊರು ಅನ್ನಲು ಅಡ್ಡಿಯಿಲ್ಲ ತಾನೆ?) ಅಮೆರಿಕದ ಜನರಲ್ ಮೋಟಾರ್ಸ್ 1928ರಲ್ಲೇ ಬೊಂಬಾಯಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. ಸ್ವಾತಂತ್ರ್ಯದ ಮೇಲೆ ಸರಕಾರ, ಬರೇ ಜೋಡಿಸಿದರೆ ಸಾಲದು, ಬಿಡಿಭಾಗವನ್ನೂ ಇಲ್ಲೇ ಮಾಡಬೇಕು ಅಂದಿತು. 1954ರಲ್ಲಿ ಆ ಕಾರ್ಖಾನೆ ಮುಚ್ಚಿತು. ಉಳಿದವರು ಮುಖ್ಯವಾಗಿ ಮೂವರು. ಕಲಕತ್ತೆಯ ಬಳಿ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್, ಮದ್ರಾಸಿನ ಸ್ಟ್ಯಾಂಡರ್ಡ್, ನಮ್ಮ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿ ಪ್ರೀಮಿಯರ್. ಅದು 1954ರಿಂದ ಫಿಯೆಟ್ 1100, 1964ರಿಂದ ಅದರ ಹೊಸ ರೂಪ ತಂದಿತು. ಅದೇ ಕಾರು 1970ರ ದಶಕದ ಆರಂಭದಲ್ಲಿ ಪ್ರೆಸಿಡೆಂಟ್, 1974ರಲ್ಲಿ ಪದ್ಮಿನಿ. ಹೆಸರು ಬದಲಾಯಿತೇ ಹೊರತು ಮೂಲ ವಿನ್ಯಾಸ ಅದೇ. 1089 ಸಿ.ಸಿ.ಯ ಅದೇ ಇಂಜಿನ್.

ಇದರಿಂದ ಆದ ನಷ್ಟವನ್ನು ಎಲ್ಲರೂ ಹೇಳುತ್ತಾರೆ. ಬುಕ್ ಮಾಡಿ ವರ್ಷಗಟ್ಟಲೆ ಕಾಯುವುದು, ಹಳೇ ಮಾಲು ಇತ್ಯಾದಿ. ಲಾಭ ಒಂದಿತ್ತು, ಅದನ್ನು ಹೇಳುವವರು ಕಡಿಮೆ. ಮೂರೂವರೆ ದಶಕ ಕಾರು ಹೆಚ್ಚು ಬದಲಾಗದೆ ಉಳಿದದ್ದರಿಂದ ಫುಟ್‌ಪಾತಿನ ಆಟೊ ಎಲೆಕ್ಟ್ರಿಷಿಯನ್ನಿಗೆ ಆ ಕಾರಿನ ಪ್ರತಿ ವಯರಿನ ಬಣ್ಣ, ತಿರುವು ಬಾಯಿಪಾಠ. ಪುಸ್ತಕ ಬೇಡ, ನಕ್ಷೆ ಬೇಡ. ಅಪ್ಪನಿಂದ ಮಗನಿಗೆ, ಉಸ್ತಾದನಿಂದ ಹುಡುಗನಿಗೆ ಆ ವಿದ್ಯೆ ಹೋಯಿತು. ಬೊಂಬಾಯಿಯ ಕಪ್ಪು-ಹಳದಿ ಟ್ಯಾಕ್ಸಿ ಅಷ್ಟು ವರ್ಷ ಓಡಿದ್ದು ಈ ಬಾಯಿಪಾಠದ ಮೇಲೆ.

ಟ್ಯಾಕ್ಸಿಗೆ ಇದು ಹೊಟ್ಟೆಪಾಡು. ಎಷ್ಟೋ ಟ್ಯಾಕ್ಸಿಗಳು ಎರಡು ಪಾಳಿಯಲ್ಲಿ ಓಡುತ್ತಿದ್ದವು, ಹಗಲಿಗೊಬ್ಬ ಡ್ರೈವರ್, ರಾತ್ರಿಗೊಬ್ಬ. ಬೆಳಿಗ್ಗೆ ಗಾಡಿ ಎದ್ದೇಳದಿದ್ದರೆ ಆ ದಿನದ ದುಡಿಮೆ ಹೋಯಿತು, ಮಾಲೀಕನ ಬಾಡಿಗೆ ಮಾತ್ರ ತಪ್ಪದು. ಹಾಗಾಗಿ ಇಳಿಜಾರಿನಲ್ಲಿ ನಿಲ್ಲಿಸುವುದು, ಸಿಗ್ನಲ್ಲಿನಲ್ಲಿ ಹೆಡ್‌ಲೈಟ್ ಆರಿಸಿ ಪಾರ್ಕಿಂಗ್ ದೀಪದಲ್ಲಿ ನಿಲ್ಲುವುದು. ಇದನ್ನು ನೋಡಿ ಜಿಪುಣತನ ಅಂತ ನಗುತ್ತಿದ್ದವರಿದ್ದರು. ಮೇಲೆ ಹೇಳಿದ ಡೈನಮೊ ಲೆಕ್ಕ ಗೊತ್ತಿದ್ದರೆ ನಗು ಬರುವುದಿಲ್ಲ.

ಅಪಾಯದ ರೂಢಿಗಳೂ ಇದ್ದವು, ಸುಳ್ಳು ಹೇಳಬಾರದು. ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ಇಲ್ಲವೇ ದಪ್ಪ ತಂತಿ ತುರುಕುವುದು. ಫ್ಯೂಸ್ ಇರುವುದೇ ತಾನು ಸತ್ತು ವಯರನ್ನು ಬದುಕಿಸಲು. ಅದನ್ನು ಸಾಯಲು ಬಿಡದಿದ್ದರೆ ಸುಡುವುದು ವಯರು, ಆಮೇಲೆ ಕಾರು. ಹಳೆ ಕಾರು ಕೊಳ್ಳುವವರು ಇವತ್ತಿಗೂ ಮೊದಲು ತೆಗೆದು ನೋಡಬೇಕಾದದ್ದು ಫ್ಯೂಸ್ ಡಬ್ಬಿಯನ್ನೇ.

ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೆ ನಿಂತಿತು. ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾಡ್‌ದೇವ್ ಆರ್.ಟಿ.ಒ.ದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬಯಿಯಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ 'ಕಾಲಿ-ಪೀಲಿ' ಪದ್ಮಿನಿಯ ಕತೆ ಮುಗಿಯಿತು. ಪೇಪರಿನಲ್ಲಿ ಫೋಟೊ ಬಂತು, ಎಲ್ಲರೂ ಕಣ್ಣೊರೆಸಿಕೊಂಡರು. ಅದರ ಜೊತೆ ಫುಟ್‌ಪಾತಿನ ಒಂದು ವಿದ್ಯೆಯೂ ಹೋಗುತ್ತಿದೆ ಅಂತ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಆಲ್ಟರ್ನೇಟರ್ ಬಂತು, ಹೊಸ ಕಳ್ಳನೂ ಬಂದ

ಡೈನಮೊದ ಕೊರತೆ ನೀಗಿಸಿದ್ದು ಆಲ್ಟರ್ನೇಟರ್. ಇಂಜಿನ್ ನಿಧಾನ ತಿರುಗಿದರೂ ಇದು ಸಾಕಷ್ಟು ಕರೆಂಟು ಕೊಡುತ್ತದೆ. ಆದರೆ ಇದು ಹುಟ್ಟಿಸುವುದು ಎ.ಸಿ. ಕರೆಂಟು, ಬ್ಯಾಟರಿಗೆ ಬೇಕಾದದ್ದು ಡಿ.ಸಿ. ಅಗ್ಗದ, ಪುಟ್ಟ ಸಿಲಿಕಾನ್ ಡಯೋಡುಗಳು ಬಂದ ಮೇಲೆಯೇ ಇದನ್ನು ಸಾಮಾನ್ಯ ಕಾರಿಗೆ ಕೂರಿಸಲು ಸಾಧ್ಯವಾಯಿತು. ಅಮೆರಿಕದ ಕ್ರೈಸ್ಲರ್ 1960ರಲ್ಲಿ ವ್ಯಾಲಿಯಂಟ್ ಕಾರಿಗೆ ಹಾಕಿತು. ನಮ್ಮಲ್ಲಿ ಸಾಮಾನ್ಯ ಮನೆಯ ಕಾರಿಗೆ ಜಪಾನಿ ಕಾಲದ ಈ ವ್ಯವಸ್ಥೆಯನ್ನು ತಂದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. 'ಮಾರುತಿ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದಂತೆ' ಅಂತ ಜನ ಬೆರಗಿನಿಂದ ಹೇಳುತ್ತಿದ್ದರು. ಅದರ ಹಿಂದೆ ಆಲ್ಟರ್ನೇಟರಿನ ಪಾಲೂ ಇತ್ತು.

ಕಟ್‌ಔಟ್ ಬೇಡವಾಯಿತು, ಯಾಕೆಂದರೆ ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಆದರೆ ಡಯೋಡ್ ಕೂಡ ಹಳತಾಗಿ ಸೋರುತ್ತದೆ. ಡೈನಮೊ ಕಾಲದಲ್ಲಿ ಹಾಡುಹಗಲೇ ದರೋಡೆ, ಆಲ್ಟರ್ನೇಟರಿನಲ್ಲಿ ರಾತ್ರಿಯ ಕನ್ನ. ಗಂಟೆಗೆ ಸ್ವಲ್ಪ ಸ್ವಲ್ಪವೇ ಕುಡಿದು ಮೂರು ನಾಲ್ಕು ದಿನದಲ್ಲಿ ಖಾಲಿ.

ನಮ್ಮ ಪರಿಚಯದ ಡೊಂಬಿವಲಿಯ ಒಬ್ಬರ ಮನೆಯಲ್ಲಿ ಹೀಗೇ ಆಯಿತು. ತೀರಿಹೋದ ತಂದೆಯವರು ರಿಟೈರಾದಾಗ ಕೊಂಡ, 1990ರ ದಶಕದ ಕಾರು. ಒಂದೂವರೆ ವರ್ಷದಲ್ಲಿ ಮೂರು ಬ್ಯಾಟರಿ ತಿಂದಿತ್ತು. ಭಂಗಾರದವನಿಗೆ ಮಾತು ಕೊಟ್ಟೂ ಆಗಿತ್ತು, ತಾಯಿ ಮಾತ್ರ ಊಟ ಬಿಟ್ಟು ಕೂತಿದ್ದರು. ಆಗ ಯಾರೋ ಕುಂದಾಪುರ ಕಡೆಯ ಹಳೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಟ್ಯಾಕ್ಸಿ ಕೆಲಸದಲ್ಲಿ ಕೈ ಪಳಗಿದ ಮನುಷ್ಯ. ಅವರ ಕೈಯಲ್ಲಿ ಇದ್ದದ್ದು ಎರಡು ವಯರು ಬೆಸೆದ ಒಂದು ಹಳೇ ಐದು ವ್ಯಾಟ್ ಬಲ್ಬು ಅಷ್ಟೇ.

ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಆ ಬಲ್ಬು ಹಿಡಿದರು. ಬಾಗಿಲೆಲ್ಲ ಮುಚ್ಚಿದೆ, ಚಾವಿ ಕೈಯಲ್ಲಿದೆ, ಆದರೂ ಬಲ್ಬು ಮಿಣುಕುತ್ತಿದೆ. "ಕಂಡ್ರಾ ಮಾರಾಯ್ರೆ, ಒಳ್ಗೆ ಯಾರೋ ಎಚ್ರ ಇದ್ರ್," ಅಂದರು. ಒಂದೊಂದೇ ಫ್ಯೂಸ್ ಕಿತ್ತರು. ಯಾವ ಫ್ಯೂಸಿಗೆ ಬಲ್ಬು ಆರುತ್ತದೋ ಆ ದಾರಿಯಲ್ಲಿ ಕಳ್ಳ. ಎಲ್ಲ ಫ್ಯೂಸ್ ಕಿತ್ತರೂ ಬಲ್ಬು ಆರಲಿಲ್ಲ. ಅಂದರೆ ಕಳ್ಳ ಫ್ಯೂಸಿಲ್ಲದ ದಾರಿಯವನು. ಆ ಕಾರಿನಲ್ಲಿ ಅಂಥವು ಎರಡೇ, ಸೆಲ್ಫ್ ಮತ್ತು ಆಲ್ಟರ್ನೇಟರ್. ಸೆಲ್ಫಿನ ವಯರ್ ಬಿಚ್ಚಿದರು, ಬಲ್ಬು ಹಾಗೇ ಇತ್ತು. ಆಲ್ಟರ್ನೇಟರಿನ ದಪ್ಪ ವಯರ್ ಬಿಚ್ಚಿದರು, ಆರಿತು. ಡಯೋಡ್ ಪ್ಲೇಟ್ ಬದಲಾಯಿತು. ಖರ್ಚು ಒಂದು ಬ್ಯಾಟರಿಯ ಕಾಲುಭಾಗವೂ ಆಗಲಿಲ್ಲ. ಆ ಕಾರಿನಲ್ಲಿ ತಾಯಿ ಈಗಲೂ ಪ್ರತಿ ಸಂಕಷ್ಟಿಗೆ ದೇವಸ್ಥಾನಕ್ಕೆ ಹೋಗುತ್ತಾರೆ.

ಅಂದ ಹಾಗೆ ಡೈನಮೊ ಕಾಲದ ಒಂದು ರೂಢಿ ಇನ್ನೂ ಸತ್ತಿಲ್ಲ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು 'ನೋಡಿ, ಬಂದ್ ಆಗಲಿಲ್ಲ, ಚಾರ್ಜಿಂಗ್ ಸರಿ ಇದೆ' ಅನ್ನುವುದು. ಡೈನಮೊಗೆ ಅದು ಹೇಗೋ ನಡೆಯುತ್ತಿತ್ತು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹಾಗೆ ಕಿತ್ತ ಕ್ಷಣ ವೋಲ್ಟೇಜ್ ಜಿಗಿದು ಡಯೋಡ್, ಕಂಪ್ಯೂಟರ್ ಏನು ಬೇಕಾದರೂ ಸುಡಬಹುದು. ಯಂತ್ರ ಹೋದರೂ ರೂಢಿ ಉಳಿದು ಹಾನಿ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಯಾರಾದರೂ ನಿಮ್ಮ ಕಾರಿಗೆ ಹಾಗೆ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ.

ನೀರು ಮತ್ತು ರಜೆ

2005ರ ಜುಲೈ 26 ಮುಂಬಯಿಯವರು ಯಾರೂ ಮರೆಯುವುದಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಕಲೀನಾ, ಕುರ್ಲಾ, ಸಯನ್ ಎಲ್ಲ ಕಡೆ ಕಾರುಗಳು ಮುಳುಗಿದವು. ಒಣಗಿಸಿ, ಎಣ್ಣೆ ಬದಲಿಸಿ, ಹಲವಾರು ಕಾರುಗಳು ಮತ್ತೆ ರಸ್ತೆಗೆ ಬಂದವು. ಅಂಥ ಕಾರಿನ ನಿಜವಾದ ತೊಂದರೆ ಶುರುವಾಗುವುದು ತಿಂಗಳುಗಳ ನಂತರ. ವಯರಿನ ಸಿಪ್ಪೆಯೊಳಗೆ ಹೊಕ್ಕ ಕೊಳಕು ನೀರು ತಾಮ್ರವನ್ನು ಹಸಿರು ಪುಡಿ ಮಾಡುತ್ತದೆ. ಮೇಲೆ ನೋಡಿದರೆ ವಯರ್ ಗಟ್ಟಿ, ಒಳಗೆ ಗೆದ್ದಲು ತಿಂದ ಜಂತಿ. ಅರ್ಥಿಂಗಿನ ಬೋಲ್ಟಿನಡಿ ತುಕ್ಕು. ಆಗ ಎಡಗಡೆ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ಮುಳ್ಳು ಕುಣಿಯುತ್ತದೆ. ಇದು ಭೂತಚೇಷ್ಟೆಯಲ್ಲ. ಮರಳುವ ದಾರಿ ಮುಚ್ಚಿದ ಕರೆಂಟು ಪಕ್ಕದ ಮನೆಯ ಬಾಗಿಲಿನಿಂದ ಹೊರಬೀಳುತ್ತಿದೆ, ಅಷ್ಟೇ.

ಸೆಲ್ಫಿಗೆ ಇದು ಇನ್ನೂ ದುಬಾರಿ. ಸಣ್ಣ ಕಾರಿನ ಸೆಲ್ಫ್ ತಿರುಗುವಾಗ ನೂರರಿಂದ ನೂರೈವತ್ತು ಆಂಪಿಯರ್ ಎಳೆಯುತ್ತದೆ. ಅರ್ಥಿಂಗಿನಲ್ಲಿ ಬರೇ 0.02 ಓಮ್ ಅಡ್ಡಿಯಿದ್ದರೂ 150 ಆಂಪಿಯರಿಗೆ 3 ವೋಲ್ಟ್ ಅಲ್ಲೇ ನಷ್ಟ. ಬ್ಯಾಟರಿ ಸರಿಯಿದೆ, ಸೆಲ್ಫ್ ಸರಿಯಿದೆ, ಆದರೂ 'ಟಕ್'. ಎರಡು ರೂಪಾಯಿಯ ಉಪ್ಪುಕಾಗದದಲ್ಲಿ ಬೋಲ್ಟು ಉಜ್ಜಿದರೆ ಸರಿಹೋಗುವುದಕ್ಕೆ ಬ್ಯಾಟರಿಯನ್ನೂ ಸೆಲ್ಫನ್ನೂ ಬದಲಿಸುವವರಿದ್ದಾರೆ.

ಇನ್ನು ರಜೆಯ ಕತೆ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಕರಾವಳಿಯ ನಮಗೆಲ್ಲ ಊರು ಹತ್ತಿರವಾಯಿತು. ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕುರ್ಲಾದಲ್ಲಿ ರೈಲು ಹತ್ತಿದರೆ ಮರುದಿನ ಉಡುಪಿ. ಕಾರು ಕಂಪೌಂಡಿನ ಬಿಸಿಲಿನಲ್ಲಿ ಒಂದು ತಿಂಗಳು. ಇದೇ ವರ್ಷಗಳಲ್ಲಿ, ಹೊಗೆಯ ಕಾನೂನು ಬಿಗಿಯಾಗಿ ಕಾರ್ಬ್ಯುರೇಟರ್ ಹೋಗಿ, ಕಂಪ್ಯೂಟರ್ ನಡೆಸುವ ಇಂಜಿನ್ ಬಂತು. ಜೊತೆಗೆ ರಿಮೋಟ್ ಲಾಕ್, ಅಲಾರಂ, ನೆನಪಿಟ್ಟುಕೊಳ್ಳುವ ಮ್ಯೂಸಿಕ್ ಸಿಸ್ಟಮ್. ಇವು ಯಾವುವೂ ಪೂರ್ತಿ ಮಲಗುವುದಿಲ್ಲ. ಎಲ್ಲ ಸೇರಿ 30 ಮಿಲಿಆಂಪಿಯರ್ ಎಳೆದರೂ ಅದು ದೋಷವಲ್ಲ, ನ್ಯಾಯವಾದ ಖರ್ಚೇ.

ಆದರೆ ಲೆಕ್ಕ ಹಾಕಿ. ದಿನಕ್ಕೆ 0.72 ಆಂಪಿಯರ್-ಅವರ್, ಮೂವತ್ತು ದಿನಕ್ಕೆ 21.6. ನಿಮ್ಮ ಬ್ಯಾಟರಿ 45ರದ್ದಾದರೆ ಅರ್ಧ ಹೋಯಿತು. ನಾಲ್ಕು ವರ್ಷ ಹಳತಾಗಿ ನಿಜವಾದ ಶಕ್ತಿ 25ಕ್ಕೆ ಇಳಿದಿದ್ದರೆ ಎಲ್ಲವೂ ಹೋಯಿತು. ಬಿಸಿಲಿಗೆ ಬ್ಯಾಟರಿ ತಾನಾಗಿಯೇ ಇಳಿಯುವುದು ಬೇರೆ. ಹಾಗೆ ಖಾಲಿಯಾಗಿ ಬಿದ್ದ ಬ್ಯಾಟರಿಯ ಫಲಕದ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಮೊದಲಿನ ಬಲ ಬರುವುದಿಲ್ಲ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ದೇಶಕ್ಕೆ ದೇಶವೇ ಹೀಗೆ ಕಾರು ನಿಲ್ಲಿಸಿತು. ಬಾಗಿಲು ತೆರೆದಾಗ ನಮ್ಮ ಕಂಪೌಂಡಿನಲ್ಲೇ ಎಷ್ಟು ಕಾರು ಎದ್ದೇಳಲಿಲ್ಲವೋ! ಯಾವ ಕಾರಿನಲ್ಲೂ ಕಳ್ಳನಿರಲಿಲ್ಲ, ದಿನಗಳು ಮಾತ್ರ ಹೆಚ್ಚಾಗಿದ್ದವು. ಊರಿಗೆ ಹೋಗುವಾಗ ಮೈನಸ್ ಟರ್ಮಿನಲ್ ಬಿಚ್ಚಿಡುವುದು ಹಳೆ ಕಾರಿಗೆ ಇವತ್ತಿಗೂ ಒಳ್ಳೆಯ ಉಪಾಯ.

ಹಾಗಾದರೆ ಹುಡುಕುವುದು ಹೇಗೆ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಮೀಟರಿನಲ್ಲಿ ಅಳೆಯಿರಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ರ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ. ಇಂಜಿನ್ ಓಡುವಾಗ 13.8ರಿಂದ 14.5ರೊಳಗೆ ಬರಬೇಕು. ಬರದಿದ್ದರೆ ತೊಂದರೆ ತುಂಬಿಸುವ ಕಡೆ, ಬೆಲ್ಟಿನಿಂದ ಶುರು ಮಾಡಿ. ಬರುತ್ತಿದ್ದರೆ ತೊಂದರೆ ಸೋರುವ ಕಡೆ, ಅಥವಾ ಬ್ಯಾಟರಿಗೇ ವಯಸ್ಸಾಗಿದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕಾರಿನಿಂದ ಬಿಚ್ಚಿ ಎರಡು ದಿನ ಇಟ್ಟು ನೋಡಿದರೆ ಇದು ಗೊತ್ತಾಗುತ್ತದೆ. ಬಿಚ್ಚಿಟ್ಟರೂ ಇಳಿದರೆ ಮಾತ್ರ ಅಪರಾಧಿ ಅದೇ.

ಸೋರುವುದನ್ನು ಹಿಡಿಯಲು ಹಳೆ ಕಾರಿಗೆ ಬಲ್ಬು ಸಾಕು. ಹೊಸದಕ್ಕೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಮೈನಸ್ ಕೇಬಲ್ಲಿನ ನಡುವೆ ಸೇರಿಸಬೇಕು, ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆಯಾದರೂ ಕಾಯಬೇಕು. ಮೀಟರ್ ಸೇರಿಸಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ. 50 ಮಿಲಿಆಂಪಿಯರಿಗಿಂತ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಡಿಕ್ಕಿಯ ಐದು ವ್ಯಾಟಿನ ಬಲ್ಬು ಆರದೆ ಉಳಿದರೆ ದಿನಕ್ಕೆ 10 ಆಂಪಿಯರ್-ಅವರ್ ನುಂಗುತ್ತದೆ. ಮುಚ್ಚಿದ ಡಿಕ್ಕಿಯೊಳಗೆ ಅದು ಉರಿಯುತ್ತಿದೆಯೋ ಅಂತ ನೋಡಲು ಈಗ ಮೊಬೈಲ್ ವಿಡಿಯೊ ಇದೆ. ಕ್ಯಾಮರಾ ಆನ್ ಮಾಡಿ ಒಳಗಿಟ್ಟು ಮುಚ್ಚಿದರಾಯಿತು.

ಇದಕ್ಕೂ ಮೊದಲು ಕಾರಿನ ಚರಿತ್ರೆ ಕೇಳಿ. ಯಾವ ವರ್ಷದ್ದು? ಕಂಪನಿ ಹಾಕಿದ್ದರ ಮೇಲೆ ಯಾರು ಏನೇನು ಸೇರಿಸಿದರು? ಟೇಪ್ ರೆಕಾರ್ಡರ್, ಫಾಗ್ ಲೈಟ್, ಅಲಾರಂ, ಜೋರಿನ ಹಾರ್ನು, ಒಂದೊಂದನ್ನೂ ಒಬ್ಬೊಬ್ಬ ಯಜಮಾನ ಹಾಕಿಸಿರುತ್ತಾನೆ, ಟೇಪು ಸುತ್ತಿ ಮರೆತಿರುತ್ತಾನೆ. ಯಾವ ಮಳೆಗಾಲದಲ್ಲಿ ಎಲ್ಲಿ ಮುಳುಗಿತ್ತು? ಎಷ್ಟು ದಿನ ನಿಂತಿತ್ತು? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಮೀಟರ್ ತೆಗೆಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಪದ್ಮಿನಿ ಹೋಯಿತು, ಡೈನಮೊ ಬಿಚ್ಚಿ ಕಟ್ಟುವ ಕೈಗಳು ಕಡಿಮೆಯಾದವು. ಆದರೆ ಕಾರಣ ಹುಡುಕದೆ ಬ್ಯಾಟರಿ ಬದಲಿಸುವ ಅಭ್ಯಾಸ ಮಾತ್ರ ವರ್ಷ ವರ್ಷ ಬೆಳೆಯುತ್ತಿದೆ. ನಿಮ್ಮ ಗಲ್ಲಿಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದ ಹಳೆ ಎಲೆಕ್ಟ್ರಿಷಿಯನ್ ಒಬ್ಬರು ಇನ್ನೂ ಇದ್ದರೆ ಮುಂದಿನ ಸಲ ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ಅವರನ್ನು ಕರೆಯಿರಿ. ಮನೆಯ ಹುಡುಗರಿದ್ದರೆ ಪಕ್ಕದಲ್ಲಿ ನಿಂತು ನೋಡಲು ಹೇಳಿ.